ಬೆನ್ನನ್ನು ಎಳೆದಾಡಬೇಡ, ಒಲಿಸಿಕೋ

ಮೈಸೂರು
ಭಾನುವಾರ

ಚಿರಂಜೀವಿ ಪುಟ್ಟ,

ನಿನಗೆ ಬೆನ್ನು ಹಿಡಿದುಕೊಂಡಿದೆ, ಬಗ್ಗಿ ಶೂ ಲೇಸು ಕಟ್ಟುವುದಕ್ಕೂ ಆಗುತ್ತಿಲ್ಲ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಆಮೇಲೆ ನೀನು ಕಳಿಸಿದ ಮೆಸೇಜನ್ನೂ ಓದಿದೆ. ಮೊಬೈಲಿನಲ್ಲಿ ಯಾರೋ ತೋರಿಸಿದರೆಂದು ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು ಹೋಗಿದ್ದೀಯ. ಎರಡು ದಿನ ರಜೆ ಹಾಕಿ ಅಲ್ಲಾಡದೆ ಮಲಗಿದ್ದೀಯ. ರೂಮಿನ ಗೆಳೆಯ ಹೇಳಿದನೆಂದು ಸೊಂಟಕ್ಕೆ ಬೆಲ್ಟ್ ಕೊಂಡಿದ್ದೀಯ. ಈಗ ಎಂಆರ್‌ಐ ಮಾಡಿಸಲೇ ಎಂದು ಕೇಳಿದ್ದೀಯ. ಇಷ್ಟಕ್ಕೆಲ್ಲ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ ಕಣೋ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು ಮಾತ್ರ ಇದನ್ನು ನಿಂತುಕೊಂಡೋ ನಡೆದಾಡಿಕೊಂಡೋ ಓದು.

ಮೊದಲು ಅಂಜಿಕೆಯ ಮಾತು ಮುಗಿಸೋಣ. ನಿನ್ನ ವಯಸ್ಸಿನಲ್ಲಿ ಹೀಗೆ ಬೆನ್ನು ಹಿಡಿದುಕೊಂಡರೆ ಅದು ಬಹುಪಾಲು ಮೂಳೆಯ ರೋಗವಲ್ಲ, ನರದ ರೋಗವೂ ಅಲ್ಲ. ಕೆಲವು ವಾರಗಳಲ್ಲಿ ಇಳಿದುಹೋಗುವಂಥದ್ದು. ಆದರೆ ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅದರ ಮೇಲೆ ಹಿಡಿತ ತಪ್ಪಿದರೆ, ಪಾದ ಎತ್ತಲು ಬಲವೇ ಇಲ್ಲದಂತಾದರೆ, ಈ ಕಾಗದವನ್ನು ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಓಡು. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವನ್ನೂ ತೋರಿಸಲೇಬೇಕು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತ ಇದ್ದು, ಓಡಾಡಿದರೆ ಕಡಿಮೆಯಾಗಿ, ಮಲಗಿದರೆ ಹೆಚ್ಚಾಗುತ್ತಾ ಮೂರು ತಿಂಗಳು ಎಳೆದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ನಿನ್ನ ಪ್ರಾಯದ ಹುಡುಗರಲ್ಲೇ ಅದು ಶುರುವಾಗುವುದು. ಇನ್ನೊಂದನ್ನು ನಮ್ಮ ದೇಶದಲ್ಲಿ ಯಾರೂ ಮರೆಯಬಾರದು. ವಾರಗಟ್ಟಲೆ ಬಿಡದ ಬೆನ್ನುನೋವಿನ ಜೊತೆಗೆ ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಬೆನ್ನುಮೂಳೆಯ ಕ್ಷಯವನ್ನು ನೆನೆಯಬೇಕು. ಇವು ಯಾವುವೂ ನಿನಗಿಲ್ಲವೆಂದು ಅಣ್ಣನಿಂದ ಕೇಳಿ ತಿಳಿದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಕ್ಷಯದ ಮಾತು ಬಂತು, ಅದರಲ್ಲೇ ನಿನಗೊಂದು ಪಾಠವಿದೆ. ಚೆನ್ನೈನಲ್ಲಿ ನೀನಿರುವ ಪಲ್ಲಾವರಂನ ಸ್ಟೇಷನ್ನಿನಿಂದ ತಾಂಬರಂ ಕಡೆಗೆ ಲೋಕಲ್ ಟ್ರೈನು ಹತ್ತಿದರೆ ಕ್ರೋಂಪೇಟೆ ಬರುತ್ತದೆ, ಅದಾದ ಮೇಲೆ ತಾಂಬರಂ ಸ್ಯಾನಟೋರಿಯಂ. 1928ರಲ್ಲಿ ಡಾ. ಚೌರಿ ಮುತ್ತು ಅವರು ಕ್ಷಯರೋಗಿಗಳಿಗಾಗಿ ಕಟ್ಟಿದ ಆರೋಗ್ಯಧಾಮದಿಂದ ಆ ಸ್ಟೇಷನ್ನಿಗೆ ಹೆಸರು ಬಂದಿದೆ. ಆಗ ಆ ರೋಗಕ್ಕೆ ಔಷಧ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ಹಾಸಿಗೆ, ಇಷ್ಟೇ ಚಿಕಿತ್ಸೆ. ಔಷಧ ಬಂದ ಮೇಲೂ ಹಾಸಿಗೆಯ ಮೇಲಿನ ನಂಬಿಕೆ ಹೋಗಲಿಲ್ಲ. ಅದನ್ನು ಅಲ್ಲಾಡಿಸಿದ್ದು ಮದ್ರಾಸೇ. 1956ರಲ್ಲಿ ಚೆಟ್‌ಪೆಟ್‌ನಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರದವರು ಶ್ವಾಸಕೋಶದ ಕ್ಷಯವಿದ್ದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟರು, ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಅದೇ ಔಷಧ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರೆಂದು 1959ರಲ್ಲಿ ಪ್ರಕಟಿಸಿದಾಗ ಪ್ರಪಂಚವೆಲ್ಲ ಕ್ಷಯದ ಚಿಕಿತ್ಸೆಯ ಕ್ರಮ ಬದಲಿಸಿಕೊಂಡಿತು.

ಬೆನ್ನಿನ ವಿಷಯದಲ್ಲಿ ಅದೇ ತಿಳಿವಳಿಕೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಬೆನ್ನು ಹಿಡಿದುಕೊಂಡು ಬಂದ ನಗರಸಭೆಯ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆದುಕೊಳ್ಳುವಷ್ಟು ಮಟ್ಟಿಗೆ ಎಂದಿನ ಓಡಾಟ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಎಂದಿನಂತೆ ಓಡಾಡಿದವರು. ಹಾಸಿಗೆ ಹಿಡಿದವರು ಎಲ್ಲರಿಗಿಂತ ತಡವಾಗಿ. ಆದ್ದರಿಂದ ನೀನು ಮೊದಲು ಹಾಸಿಗೆ ಬಿಡು. ನೋವಿನ ಮೊದಲ ದಿನಗಳಲ್ಲಿ ಕಸರತ್ತಿನ ಆತುರವೂ ಬೇಡ. ಅಡುಗೆ ಮಾಡಿಕೋ, ಬಟ್ಟೆ ಒಣಹಾಕು, ಬೀದಿಯ ಕೊನೆವರೆಗೆ ನಡೆದು ಬಾ.

ಈಗ ಬಿಗಿತದ ಮೂಲಕ್ಕೆ ಬರುತ್ತೇನೆ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಅಲುಗಾಡಬಲ್ಲ 24 ಮೂಳೆಗಳು ಒಂದರ ಮೇಲೊಂದು ಕೂತು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತವೆ. ಅವುಗಳ ಎರಡೂ ಪಕ್ಕಕ್ಕೆ ಉದ್ದುದ್ದ ಸ್ನಾಯುಗಳಿವೆ. ಬಗ್ಗಿ, ಎದ್ದು, ತಿರುಗಿ, ನಡೆದು ಕೆಲಸವನ್ನು ತಮ್ಮಲ್ಲೇ ಹಂಚಿಕೊಂಡು ಬದುಕುವಂಥವು ಅವು. ನೀನು ತೊರೈಪಾಕ್ಕಂನ ಆಫೀಸಿನಲ್ಲಿ ಕತ್ತು ಮುಂದೆ ಚಾಚಿ ದಿನವಿಡೀ ಒಂದೇ ಭಂಗಿಯಲ್ಲಿ ಕೂತರೆ ಕೆಲವು ನಾರುಗಳು ಬಿಡುವಿಲ್ಲದೆ ದುಡಿಯುತ್ತವೆ, ಉಳಿದವು ದುಡಿಯುವುದನ್ನೇ ಬಿಡುತ್ತವೆ. ಅಷ್ಟು ಸಾಲದೆಂದು ರೇಡಿಯಲ್ ರಸ್ತೆಯಲ್ಲಿ ಹೋಗುತ್ತಾ ಸುಮಾರು ಹತ್ತು ಕಿಲೋಮೀಟರ್, ಬರುತ್ತಾ ಅಷ್ಟೇ, ಬೆನ್ನಿಗೆ ಲ್ಯಾಪ್‌ಟಾಪಿನ ಭಾರ ಹೊತ್ತು ಬೈಕಿನ ಮೇಲೆ. ಬಿಗಿದ ಸ್ನಾಯು ಗಿಡ್ಡವಾಗಿರಬೇಕೆಂದು ಎಲ್ಲರೂ ತಿಳಿಯುತ್ತಾರೆ, ಅದಕ್ಕೇ ಎಳೆಯಲು ಹೋಗುತ್ತಾರೆ. ಎಷ್ಟೋ ಸಲ ಅದು ಗಿಡ್ಡವಾಗಿರುವುದೇ ಇಲ್ಲ. ದಣಿದಿರುತ್ತದೆ, ಬಲ ಸಾಲದೆ ಇರುತ್ತದೆ, ಅದನ್ನು ಆಳುವ ನರಮಂಡಲ ಯಾವುದೋ ಅಪಾಯ ಬಂದಿದೆಯೆಂದು ಕಾವಲಿಗೆ ನಿಂತಿರುತ್ತದೆ. ಸಂತೆಯ ನೂಕುನುಗ್ಗಲಿನಲ್ಲಿ ತಾಯಿ ಮಗುವನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡಿರುತ್ತಾಳಲ್ಲ, ನಿನ್ನ ಬೆನ್ನಿನ ಸ್ನಾಯು ಬೆನ್ನುಮೂಳೆಯನ್ನು ಹಿಡಿದುಕೊಂಡಿರುವುದು ಹಾಗೆ. ಮಗುವನ್ನು ಕಿತ್ತುಕೊಳ್ಳಲು ಹೋದಷ್ಟೂ ಅವಳ ಹಿಡಿತ ಬಿಗಿಯಾಗುತ್ತದೆ. ನೀನು ಮಂಡಿ ನೆಟ್ಟಗೆ ಮಾಡಿ ಜಗ್ಗಿ ಕಾಲ್ಬೆರಳು ಮುಟ್ಟಲು ಹೋದ ಮಾರನೆಯ ದಿನ ನೋವು ಹೆಚ್ಚಿದ್ದು ಇದಕ್ಕೇ.

ಕ್ರೋಂಪೇಟೆ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದ ಕಾಲದಲ್ಲಿ ಬರುತ್ತಿದ್ದ ಬೆನ್ನುಗಳೇ ಬೇರೆ. ತೊಗಲು ಹದಮಾಡುವ ಕಾರ್ಖಾನೆಗಳಲ್ಲಿ ನೆನೆದ ಚರ್ಮ ಎತ್ತಿ ಹಾಕುವವರು, ತ್ರಿಶೂಲಂ ಮತ್ತು ಪಲ್ಲಾವರಂ ಗುಡ್ಡಗಳಲ್ಲಿ ಕಲ್ಲು ಒಡೆಯುವವರು. ಆ ಗುಡ್ಡದ ಚಾರ್ನೊಕೈಟ್ ಕಲ್ಲು ಎಷ್ಟು ಗಟ್ಟಿಯೆಂಬುದು ಅದಕ್ಕೆ ಸುತ್ತಿಗೆ ಹೊಡೆದವರ ಸೊಂಟಕ್ಕೆ ಗೊತ್ತು. ಅವರಿಗೆಲ್ಲ ಮಿತಿ ಮೀರಿದ ದುಡಿಮೆಯಿಂದ ಬೆನ್ನು ಹಿಡಿದುಕೊಳ್ಳುತ್ತಿತ್ತು, ನಾನು ವಿಶ್ರಾಂತಿಯ ಮಾತು ಹೇಳಬೇಕಾಗುತ್ತಿತ್ತು. ನಿನಗೆ ಹಿಡಿದಿರುವುದು ಅಲ್ಲಾಡದೆ ಕೂತದ್ದರಿಂದ. ಇಬ್ಬರಿಗೂ ಒಂದೇ ಔಷಧ ಹೇಳಿದರೆ ಅದು ಔಷಧವಲ್ಲ.

ಇದನ್ನು ನನಗಿಂತ ಬಹಳ ಹಿಂದೆ, ಬಹಳ ಚೆನ್ನಾಗಿ ತಿಳಿದಿದ್ದವರು ನಮ್ಮವರೇ ಒಬ್ಬರಿದ್ದರು. ನೀನು ಮೈಸೂರಿನಿಂದ ಚೆನ್ನೈಗೆ ಹೋದ ಹಾಗೆಯೇ ಅವರೂ ಹೋದವರು. ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಮಾಡಿಕೊಟ್ಟರು. ಮಾರನೆಯ ವರ್ಷವೇ ಅವರು ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಇಂದು ಪ್ರಪಂಚವೆಲ್ಲ ಬಲ್ಲ ಬಿ.ಕೆ.ಎಸ್. ಅಯ್ಯಂಗಾರರೂ ಪಟ್ಟಾಭಿ ಜೋಯಿಸರೂ ಅವರಲ್ಲಿ ಕಲಿತವರು. ಅಲ್ಲಿ ಹುಡುಗರಿಗೆ ಅವರು ಕಲಿಸುತ್ತಿದ್ದದ್ದು ಹಾರಿ ನೆಗೆದು ಮೈ ಬೆವರಿಳಿಸುವ ಅಭ್ಯಾಸ. ಸಂಸ್ಥಾನದ ಕಾಲ ಮುಗಿದು ಯೋಗಶಾಲೆ ಮುಚ್ಚಿತು; 1952ರಲ್ಲಿ ಮದ್ರಾಸಿಗೆ ಹೋದರು. ಅಲ್ಲಿ ಅವರ ಬಳಿಗೆ ಬಂದವರು ಪಾರ್ಶ್ವವಾಯು ಬಡಿದವರು, ವಯಸ್ಸಾದವರು, ನೋವಿನಿಂದ ನರಳುವವರು. ಆಚಾರ್ಯರು ಹುಡುಗರ ಅಭ್ಯಾಸವನ್ನು ಅವರ ಮೇಲೆ ಹೇರಲಿಲ್ಲ. ಒಬ್ಬೊಬ್ಬರ ನಾಡಿ, ಉಸಿರು, ಮೈಕಟ್ಟು ನೋಡಿ ಆಯಾ ಮನುಷ್ಯನಿಗೆ ಆಯಾ ಆಸನ, ಅದೂ ಉಸಿರಿನೊಂದಿಗೆ ಹೊಂದಿಸಿ, ನಿಧಾನವಾಗಿ. 1976ರಲ್ಲಿ ಅವರ ಮಗ ದೇಶಿಕಾಚಾರ್ ತಂದೆಯ ಹೆಸರಿನಲ್ಲಿ ಚೆನ್ನೈನಲ್ಲೇ ಯೋಗ ಮಂದಿರ ಸ್ಥಾಪಿಸಿದರು. ಆಚಾರ್ಯರು 1989ರಲ್ಲಿ ನೂರು ದಾಟಿ ತೀರಿಕೊಂಡರು. ಆಸನಕ್ಕಾಗಿ ಮನುಷ್ಯನಲ್ಲ, ಮನುಷ್ಯನಿಗಾಗಿ ಆಸನ ಎನ್ನುವುದನ್ನು ನಾನು ಅವರ ಪರಂಪರೆಯಲ್ಲಿ ಕಲಿತ ಸಹೋದ್ಯೋಗಿಯೊಬ್ಬರಿಂದ ತಿಳಿದೆ. ನನ್ನ ಕೆಲಸದಲ್ಲಿ ಅದಕ್ಕಿಂತ ಉಪಯೋಗಕ್ಕೆ ಬಂದ ಮಾತು ಬೇರೆಯಿಲ್ಲ.

ಉಸಿರಿಗೆ ಅವರು ಅಷ್ಟು ಮಹತ್ವ ಕೊಟ್ಟದ್ದು ಬರೀ ಶ್ರದ್ಧೆಯ ಮಾತಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಹಿಂಭಾಗದ ಬಲವಾದ ಎಳೆಗಳು ಇಳಿದು ಬಂದು ಅಂಟಿಕೊಂಡಿರುವುದು ಸೊಂಟದ ಮೇಲ್ಭಾಗದ ಬೆನ್ನುಮೂಳೆಗಳಿಗೇ. ಉಸಿರು ಹಿಡಿದು ಕೂತರೆ ಸೊಂಟವೂ ಹಿಡಿದೇ ಇರುತ್ತದೆ. ಡೆಡ್‌ಲೈನಿನ ದಿನ ನಿನ್ನ ಉಸಿರು ಎಲ್ಲಿರುತ್ತದೆಂದು ಒಮ್ಮೆ ಗಮನಿಸಿ ನೋಡು.

ಇನ್ನು ಮಾಡುವುದೇನು? ಚಾಪೆ ಹಾಸಿ ಅಂಗಾತ ಮಲಗು, ಮಂಡಿ ಮಡಚಿ ಎದೆಯ ಕಡೆಗೆ ತಂದು ಒಂದೊಂದು ಮಂಡಿಯ ಮೇಲೆ ಒಂದೊಂದು ಕೈ ಇಡು. ಉಸಿರು ಬಿಡುತ್ತಾ ಮಂಡಿಗಳನ್ನು ಹೊಟ್ಟೆಯ ಕಡೆಗೆ ಬರಮಾಡಿಕೋ, ಎಳೆಯಬೇಡ. ಉಸಿರು ತೆಗೆದುಕೊಳ್ಳುತ್ತಾ ಕೈ ನೀಳವಾಗುವಷ್ಟು ದೂರ ಹೋಗಲು ಬಿಡು. ಆರೆಂಟು ಸಲ. ಇದು ಅಪಾನಾಸನ. ಆಮೇಲೆ ಪಾದಗಳನ್ನು ಸೊಂಟದಗಲಕ್ಕೆ ನೆಲಕ್ಕೂರಿ, ಉಸಿರು ತೆಗೆದುಕೊಳ್ಳುತ್ತಾ ಸೊಂಟ ಎತ್ತು, ಬಿಡುತ್ತಾ ಮೇಲಿನಿಂದ ಒಂದೊಂದೇ ಮೂಳೆಯನ್ನು ನೆಲಕ್ಕೆ ಮುಟ್ಟಿಸುತ್ತಾ ಇಳಿಸು. ಇದು ದ್ವಿಪಾದಪೀಠ, ಸಡಿಲಿಸುವುದರ ಜೊತೆಗೆ ನಿತಂಬಕ್ಕೂ ಬೆನ್ನಿಗೂ ಬಲ ಕೊಡುತ್ತದೆ. ಮೂರನೆಯದಕ್ಕೆ ಅಂಬೆಗಾಲಿಕ್ಕು. ಉಸಿರು ತೆಗೆದುಕೊಳ್ಳುತ್ತಾ ಎದೆ ಮುಂದೆ ಚಾಚು, ಬಿಡುತ್ತಾ ಬೆನ್ನು ಗುಂಡಗೆ ಮಾಡಿ ಹಿಮ್ಮಡಿಯ ಕಡೆಗೆ ಕೂರು. ಇದು ಚಕ್ರವಾಕಾಸನ, ಬಿಗಿದ ಬೆನ್ನಿಗೆ ನಾನು ಇದನ್ನೇ ಎಲ್ಲಕ್ಕಿಂತ ಹೆಚ್ಚು ನಂಬುವುದು. ಉಸಿರು ಮುಗಿಯುವ ಮೊದಲು ಚಲನೆ ಮುಗಿಯಬಾರದು, ಇದೊಂದೇ ನಿಯಮ. ಹಿತವಾದ ಎಳೆತ ಇರಲಿ. ಕಾಲಿನುದ್ದಕ್ಕೂ ಕೆಳಗಿಳಿಯುವ ನೋವು ಬಂದರೆ ಅಲ್ಲಿಗೆ ನಿಲ್ಲಿಸು.

ದಿನವಿಡೀ ಕೂರುವವರಿಗೆ ತೊಡೆಯ ಮುಂಭಾಗ ಬಿಗಿದು ಸೊಂಟವನ್ನು ಮುಂದಕ್ಕೆ ಎಳೆಯುವುದುಂಟು. ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು, ಸೊಂಟವನ್ನು ಸ್ವಲ್ಪ ಮುಂದೆ ಜರುಗಿಸಿ ನಾಲ್ಕು ಉಸಿರು ನಿಲ್ಲು. ಹೆಗಲ ಮೂಳೆಯ ನಡುವಿನ ಗಂಟಿಗೆ ಗೋಡೆ ಮತ್ತು ಟೆನಿಸ್ ಚೆಂಡು ಸಾಕು. ಚೆಂಡನ್ನು ಬೆನ್ನಿಗೆ ಕೊಟ್ಟು ಗೋಡೆಗೆ ಒರಗಿ ಮೆಲ್ಲಗೆ ಉರುಳಿಸು, ಬೆನ್ನುಮೂಳೆಯ ಮೇಲೆ ಮಾತ್ರ ಬರಬಾರದು. ನೋವು ಇಳಿದ ಮೇಲೆ ಬಸ್ಕಿ ಶುರುಮಾಡು. ಇಲ್ಲಿನ ಗರಡಿಮನೆಗಳ ಪೈಲ್ವಾನರು ಸಾಮು ಶುರುಮಾಡುತ್ತಿದ್ದದ್ದು ದಂಡೆ ಬಸ್ಕಿಗಳಿಂದಲೇ. ಬಲವಿಲ್ಲದ ಬೆನ್ನನ್ನು ಎಷ್ಟು ಸಡಿಲಿಸಿದರೂ ಮತ್ತೆ ಬಿಗಿದುಕೊಳ್ಳುತ್ತದೆ.

ನಾನು ಯೋಗವನ್ನೇ ಹೇಳುತ್ತಿದ್ದೇನೆಂದು ಅದರಲ್ಲಿ ಮಾಯ ಮಂತ್ರ ಇದೆಯೆಂದು ತಿಳಿಯಬೇಡ. ಬೆಂಗಳೂರಿನ ಹತ್ತಿರ ಜಿಗಣಿಯ ಎಸ್-ವ್ಯಾಸ ಸಂಸ್ಥೆಯವರು ಬಹುಕಾಲದ ಸೊಂಟನೋವಿದ್ದ 80 ಜನರನ್ನು ಒಂದು ವಾರ ಅಲ್ಲೇ ಇರಿಸಿಕೊಂಡು ನೋಡಿದರು. ಯೋಗ ಮಾಡಿದ ಗುಂಪಿಗೆ ಹೆಚ್ಚು ಗುಣ ಕಂಡಿತೆಂದು 2008ರಲ್ಲಿ ಪ್ರಕಟಿಸಿದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಆಚಾರ್ಯರ ಮದ್ರಾಸು ಪರಂಪರೆಯ ಅಭ್ಯಾಸವನ್ನೇ ತೆಗೆದುಕೊಂಡು ಎರಡು ದೊಡ್ಡ ಪರೀಕ್ಷೆ ನಡೆಸಿದರು. 2005ರ ಮೊದಲನೆಯದರಲ್ಲಿ, ಬರೀ ಪುಸ್ತಕ ಓದಿಕೊಂಡವರಿಗಿಂತ ಯೋಗ ಮಾಡಿದವರು ಚೆನ್ನಾಗಿದ್ದರು. 2011ರಲ್ಲಿ 228 ಜನರ ಮೇಲೆ ನಡೆದ ಎರಡನೆಯದರಲ್ಲಿ ಯೋಗದ ಎದುರು ಸಾದಾ ಸ್ಟ್ರೆಚಿಂಗ್ ತರಗತಿಯನ್ನಿಟ್ಟು ನೋಡಿದಾಗ ಎರಡೂ ಒಂದೇ ಮಟ್ಟಕ್ಕೆ ಬಂದವು. ಆ ಫಲಿತಾಂಶದ ಮೇಲೆ ನನಗೆ ಬಹಳ ಗೌರವವಿದೆ. ಯಾವ ಹೆಸರಿನಲ್ಲಿ ಮಾಡಿದೆ ಎನ್ನುವುದಕ್ಕಿಂತ, ಮೃದುವಾಗಿ, ಬಿಡದೆ ಮಾಡಿದೆಯಾ ಎನ್ನುವುದನ್ನು ಬೆನ್ನು ಕೇಳುತ್ತದೆ.

ಶಾಖದ ಮಾತು. ಅಜ್ಜಿ ಮಾಡುತ್ತಿದ್ದಂತೆ ಕಲ್ಲುಪ್ಪು ಹುರಿದು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಕೈಯ ಹಿಂಭಾಗಕ್ಕೆ ಮುಟ್ಟಿಸಿ ಬಿಸಿ ಪರೀಕ್ಷಿಸಿ, ಕಾಲು ಗಂಟೆ ಶಾಖ ಕೊಡು. ಬಿಸಿನೀರಿನ ಚೀಲವಾದರೂ ಆದೀತು. ಶನಿವಾರ ಗಂಡಸರು ಎಣ್ಣೆ ನೀರು ಹಾಕಿಕೊಳ್ಳುವ ಪದ್ಧತಿ ನೀನಿರುವ ಊರಿನಲ್ಲಿದೆ; ನಿನ್ನ ಮನೆ ಮಾಲೀಕರನ್ನು ಕೇಳಿದರೆ ಒಳ್ಳೆಯ ಎಳ್ಳೆಣ್ಣೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಶಾಖ ಮತ್ತು ತಿಕ್ಕುವುದರಿಂದ ಸ್ನಾಯುವಿಗೆ ಕೆಲವು ಗಂಟೆ ಧೈರ್ಯ ಬರುತ್ತದೆ. ಆ ಗಂಟೆಗಳಲ್ಲಿ ಮೈ ಅಲ್ಲಾಡಿಸಿಕೊಳ್ಳಬೇಕು. ಶಾಖ ಕೊಟ್ಟು ಮಲಗಿಬಿಟ್ಟರೆ ಅರ್ಧ ಫಲ ಹೋಯಿತು. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ನೆಟಿಕೆ ತೆಗೆಸಿಕೊಳ್ಳುವುದನ್ನು ಮಾತ್ರ ಖಂಡಿತ ಮಾಡಬೇಡ. ಕತ್ತಿನ ರಕ್ತನಾಳ ಹರಿದು ಮಿದುಳಿಗೆ ಪೆಟ್ಟಾದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಮೆಡಿಕಲ್ ಸ್ಟೋರಿನಿಂದ ನೀನೇ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗುವುದೂ ಬೇಡ, ಜಠರ ಮತ್ತು ಮೂತ್ರಪಿಂಡ ಎರಡಕ್ಕೂ ಅದು ಕೆಟ್ಟದ್ದು.

ಬೆಲ್ಟನ್ನು ಬಿಚ್ಚಿಡು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಹುಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ ವ್ಯಾಯಾಮ ಬೇಕೆಂದಿತು, ವಾಡಿಕೆಯ ಸೊಂಟದ ಬೆಲ್ಟು ಮತ್ತು ಟ್ರಾಕ್ಷನ್ ಬೇಡವೆಂದಿತು. ಸ್ಕ್ಯಾನಿಗೂ ಈಗ ಓಡಬೇಡ. ಯಾವ ನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20ರ ಪ್ರಾಯದವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು. ಅವರಿಗೆ ನೋವಿನ ಸುಳಿವೇ ಇರಲಿಲ್ಲ. ನಿನ್ನ ವರದಿಯಲ್ಲೂ ಅಂಥದ್ದೊಂದು ಸಾಲು ಬಂದರೆ ಅದನ್ನು ಓದಿ ನೀನು ಬಗ್ಗುವುದನ್ನೇ ಬಿಟ್ಟುಬಿಡುತ್ತೀಯ. ಹಾಗೆ ಹೆದರಿ ಗಟ್ಟಿಯಾದ ಬೆನ್ನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸಡಿಲಿಸಲು ಎಲ್ಲಕ್ಕಿಂತ ಕಷ್ಟವಾದವು ಅವೇ.

ಬರಿನೆಲದಲ್ಲಿ ಮಲಗು ಎಂದು ಅಣ್ಣ ಹೇಳಿದ್ದಾನಂತೆ. ಸ್ಪೇನಿನಲ್ಲಿ ಇದನ್ನೂ ಪರೀಕ್ಷಿಸಿ 2003ರಲ್ಲಿ ಬರೆದಿದ್ದಾರೆ: ಬಹಳ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಸೊಂಟಕ್ಕೆ ಹಿತ. ಮಗ್ಗುಲಲ್ಲಿ ಮಲಗುವುದಾದರೆ ಮಂಡಿಗಳ ನಡುವೆ ದಿಂಬು ಇಟ್ಟುಕೋ.

ಕುರ್ಚಿ ಬೇಕಾದರೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಪಲ್ಲಾವರಂನ ಹಳೆಯ ಟ್ರಂಕ್ ರಸ್ತೆಯ ಶುಕ್ರವಾರದ ಸಂತೆಗೆ ಹೋಗು. ಗಿಡದಿಂದ ಹಿಡಿದು ಹಳೆಯ ಕಂಪ್ಯೂಟರಿನವರೆಗೆ ಎಲ್ಲವೂ ಇರುವ ಅಲ್ಲಿ ಆಫೀಸುಗಳ ಹಳೆಯ ಕುರ್ಚಿಗಳೂ ಬರುತ್ತವೆ. ಕೂತು ನೋಡಿ ಕೊಂಡುಕೋ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟದ ಬಾಗಿಗೆ ಆಸರೆ ಸಿಗಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲಿಟ್ಟು ಪರದೆ ಕಣ್ಣಿನ ಎತ್ತರಕ್ಕೆ ತಂದುಕೋ, ಕೀಬೋರ್ಡು ಬೇರೆ ಇರಲಿ. ಎಂಥ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಬಿಟ್ಟು ಏಳಲೇಬೇಕು. ಕುರ್ಚಿಯೇ ಇಲ್ಲದೆ ಬದುಕಿದವರನ್ನೂ ನೆನೆ. ನೀನಿರುವ ಪಲ್ಲಾವರಂನಲ್ಲೇ 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿತು. ನಮ್ಮ ದೇಶದ ಶಿಲಾಯುಗದ ಅಧ್ಯಯನ ಅಲ್ಲಿಂದಲೇ ಹೊರಟದ್ದು. ಅದನ್ನು ಕೆತ್ತಿದವರು ಕುರ್ಚಿ ಕಂಡವರಲ್ಲ. ನೀನೂ ದಿನಕ್ಕೆ ನಾಲ್ಕಾರು ಸಲ ಕುಕ್ಕರಗಾಲಿನಲ್ಲಿ ಕೂತು ಏಳು, ಮೊದಮೊದಲು ಬಾಗಿಲ ಚೌಕಟ್ಟು ಹಿಡಿದುಕೊಂಡಾದರೂ ಸರಿ. ಊಟ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮಾಡು. ಬೈಕಿನಲ್ಲಿ ಬ್ಯಾಗನ್ನು ಒಂದೇ ಹೆಗಲಿಗೆ ಹಾಕಿಕೊಳ್ಳಬೇಡ, ಹಿಂದಿನ ಜೇಬಿನ ಪರ್ಸನ್ನು ತೆಗೆದಿಡು.

ಇನ್ನೊಂದು ವಿಷಯ, ಇದನ್ನು ಅಣ್ಣನಿಗೆ ಹೇಳಿಲ್ಲ. ಕೆಲಸ ಹೋಗಬಹುದೆಂಬ ಭಯದಲ್ಲಿದ್ದೀಯೆಂದು ಮೆಸೇಜಿನ ಕೊನೆಯಲ್ಲಿ ಬರೆದಿದ್ದೆ. ಆ ಭಯವೂ ಬೆನ್ನಿನಲ್ಲೇ ಕೂರುತ್ತದೆ ಮಗೂ. ನಿದ್ದೆ ಕೆಟ್ಟು ಮನಸ್ಸು ಕುದಿಯುವ ದಿನಗಳಲ್ಲಿ ನೋವು ಹೆಚ್ಚು ಬಾಧಿಸುವುದು ಕಲ್ಪನೆಯಲ್ಲ, ನರಮಂಡಲದ ರೀತಿಯೇ ಹಾಗೆ. ಕೆಲಸ ಹೋದರೆ ಇನ್ನೊಂದು ಬರುತ್ತದೆ, ಬರುವವರೆಗೆ ಇಲ್ಲಿ ಮನೆಯಿದೆ. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನು ಮಾಡು.

ಮೊದಲ ದಿನಗಳ ನೋವು ತಗ್ಗಿದ್ದರೆ ಇವತ್ತು ಮಲಗುವ ಮುಂಚೆಯೇ ಅಪಾನಾಸನದಿಂದ ಶುರುಮಾಡು, ಬೆಳಿಗ್ಗೆ ಬಿಸಿಲು ಏರುವ ಮೊದಲು ಅರ್ಧ ಗಂಟೆ ನಡೆ. ಹೀಗೆ ಆರು ವಾರ ಮಾಡು. ಆಮೇಲೂ ಬಿಗಿತ ಬಿಡದಿದ್ದರೆ ಮೊದಲು ಒಬ್ಬ ಡಾಕ್ಟರಿಗೆ ತೋರಿಸು, ಅವರು ಸರಿಯೆಂದರೆ ಅಲ್ಲೇ ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟರ ಹತ್ತಿರ ಹೋಗಿ ನಿನ್ನ ಮೈಗೆ ತಕ್ಕ ಅಭ್ಯಾಸ ಹಾಕಿಸಿಕೋ. ನನ್ನ ಕಾಗದಕ್ಕಿಂತ ಅವರ ಕಣ್ಣು ದೊಡ್ಡದು. ಏನಾಯಿತೆಂದು ತಪ್ಪದೆ ಬರೆ.

ಇಂತು ನಿನ್ನ
ಅತ್ತೆ